ಅಡುಗೆ ಚೇಚಿಗೆ ಕಳಿಸಿದ ಮೆಣಸು

ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಅಮ್ಮ ಬೆಳಿಗ್ಗೆ ಹಸು ಕರೆದಳು. ಅಪ್ಪ ಮೀನಂಗಡಿ ಎಂಬ ಪೇಟೆಗೆ ಹೋಗಿ ನನಗೊಂದು ಬಕೆಟ್ಟು, ಟ್ರಂಕಿಗೆ ಒಂದು ಬೀಗ ತಂದ. ಮಧ್ಯಾಹ್ನ ನಾನೂ ಅಮ್ಮನೂ ಬಟ್ಟೆ ಜೋಡಿಸಿದೆವು. ಸಂಜೆ ಐದೂವರೆಗೆ ಅವಳು ಹಿಂದಿನ ಜಗಲಿಯಲ್ಲಿ ಎರಡು ತಟ್ಟೆ ಇಟ್ಟಳು. ಹೆಸರುಕಾಳಿನ ಸಾರು, ಬಾಳೆಕಾಯಿ ಪಲ್ಯ, ಮಜ್ಜಿಗೆ. ಮೋಡ ಕವಿದು ಮಂಕಾಗಿತ್ತು. ಅಮ್ಮ ಜಗಲಿಯ ಅಂಚಿಗೆ ಹೋಗಿ ಅಂಗೈ ಚಾಚಿ ನೋಡಿಕೊಂಡಳು.

"ಗೆರೆ ಕಾಣ್ತದೆ. ಕೂತ್ಕೋ."

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮೋಡದ ದಿನಗಳಲ್ಲಿ ಹೊತ್ತು ಎಲ್ಲಿದೆ ಎಂದು ತಿಳಿಯದಿದ್ದರೆ ಅಂಗೈ ಗೆರೆ ಕಾಣುವಷ್ಟು ಬೆಳಕಿದೆಯೇ ಎಂದು ನೋಡುವುದು ಅಮ್ಮನ ಲೆಕ್ಕ. ಗೋಡೆಯಲ್ಲಿ ಗಡಿಯಾರವಿತ್ತು, ಕನ್ನಡದ ಪಂಚಾಂಗದಲ್ಲಿ ಸೂರ್ಯಾಸ್ತದ ಸಮಯವೂ ಇತ್ತು. ಆದರೂ ಅವಳಿಗೆ ಅಂಗೈಯೇ ಆಗಬೇಕು. ನಾನು ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟ ಮೇಲೆ ಅವಳು ತನ್ನ ತಟ್ಟೆ ಎಳೆದುಕೊಂಡಳು. ಇದು ನಾನು ಮಗುವಾಗಿದ್ದಾಗಿನಿಂದ ಬಂದದ್ದು. ಆಗ ನಾನು ಊಟ ಮಾಡದೆ ಸತಾಯಿಸುತ್ತಿದ್ದೆನಂತೆ. ನೀನು ಉಂಡರೇ ನಾನು ಉಣ್ಣೋದು ಎಂದು ಅವಳು ಹೆದರಿಸುತ್ತಿದ್ದಳಂತೆ. ನಾನು ಬೆಳೆದೆ, ಅವಳು ಅದನ್ನು ಬಿಡಲಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆಯಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ತಾನೇ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಚುಚ್ಚಿಕೊಂಡ ಅರ್ಧ ಗಂಟೆಯಲ್ಲಿ ಉಣ್ಣಲೇಬೇಕು, ಉಣ್ಣದಿದ್ದರೆ ಅಪಾಯ ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. "ಅದು ನಮಗೆ ಕಷ್ಟವೇ ಅಲ್ಲ ಸಿಸ್ಟರೇ, ನಾವು ಹೊತ್ತಿಗೆ ಸರಿಯಾಗಿ ಉಣ್ಣೋ ಜನ" ಎಂದು ಅಮ್ಮ ಹೆಮ್ಮೆಯಿಂದ ಉತ್ತರ ಕೊಟ್ಟಾಗ ನಾನು ಪಕ್ಕದಲ್ಲೇ ನಿಂತಿದ್ದೆ. ತಲೆ ತಿರುಗಿದರೆ ಬಾಯಿಗೆ ಹಾಕಿಕೊಳ್ಳಲು ಕಲ್ಲುಸಕ್ಕರೆ ಇಟ್ಟುಕೊಳ್ಳಿ ಎಂದೂ ನರ್ಸು ಹೇಳಿದ್ದಳು. ಅಮ್ಮ ಒಂದು ಚಿಕ್ಕ ತಗಡಿನ ಡಬ್ಬಿಯಲ್ಲಿ ಅದನ್ನು ತುಂಬಿಸಿ ದಿಂಬಿನ ಹತ್ತಿರ ಇಟ್ಟುಕೊಂಡಿದ್ದಳು.

ಹಾಸ್ಟೆಲಿಗೆ ನನ್ನನ್ನು ಕಳಿಸಿದ್ದೂ ಊಟದ ಕಾರಣಕ್ಕೇ. ಕಾಲೇಜು ಇದ್ದದ್ದು ಮಾನಂತವಾಡಿಯ ಕಡೆ. ದಿನಾ ಹೋಗಿ ಬರಬಹುದಿತ್ತು, ಹಲವರು ಹೋಗಿ ಬರುತ್ತಿದ್ದರು. ಆದರೆ ಎರಡು ಬಸ್ಸು ಹಿಡಿದು ಮನೆ ಸೇರುವಾಗ ಕತ್ತಲಾಗುತ್ತದೆ, ಮತ್ತೆ ಇವಳು ಉಣ್ಣುವುದು ಯಾವಾಗ ಎಂದು ಅಮ್ಮ ಕೇಳಿದಳು. ಹಾಸ್ಟೆಲಾದರೆ ಕಾಲೇಜಿನ ಗೋಡೆಗೇ ಅಂಟಿಕೊಂಡಿದೆ, ನಾಲ್ಕಕ್ಕೆ ಕ್ಲಾಸು ಬಿಟ್ಟರೆ ನಾಲ್ಕೂ ಹತ್ತಕ್ಕೆ ಕೋಣೆಯಲ್ಲಿ ಇರಬಹುದು.

ಸೇರಿಸಲು ಅಮ್ಮನೇ ಬಂದಳು. ಅವಳು ಹುಟ್ಟಿದ್ದು ಮೈಸೂರಿನ ಕಡೆ. ಮದುವೆಯಾಗಿ ಈ ಮಲಯಾಳದ ನಾಡಿಗೆ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ ಅವಳ ಮಲಯಾಳ ಕಲ್ಲುದಾರಿಯಲ್ಲಿ ಜೀಪು ಹೋದ ಹಾಗೆ ಇತ್ತು. ವಾರ್ಡನ್ನಿನ ಕೋಣೆಯಲ್ಲಿ ಬೇರೆ ಹುಡುಗಿಯರೂ ಅವರ ತಂದೆತಾಯಿಗಳೂ ತುಂಬಿದ್ದರು. ಅಮ್ಮ ಎಲ್ಲರ ಎದುರು ದೊಡ್ಡ ದನಿಯಲ್ಲಿ ಕೇಳಿದಳು. ನನ್ನ ಮಗಳು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಆಲೂಗೆಡ್ಡೆ ಆಗುವುದಿಲ್ಲ, ಏನು ಮಾಡುವುದು? ಹಿಂದಿನಿಂದ ಯಾರೋ ನಕ್ಕರು. ನಾನು ಅವಳ ಸೆರಗು ಜಗ್ಗಿದೆ.

ವಾರ್ಡನ್ ಒಳ್ಳೆಯವರೇ. "ಅದಕ್ಕೇನು, ಅಡುಗೆಮನೆಯಲ್ಲಿ ಹೇಳಿದರೆ ತೆಗೆದಿಡುತ್ತಾರೆ. ಇವಳೇ ಹೋಗಿ ಹೇಳಲಿ. ಕಾಲೇಜಿಗೆ ಬಂದಳಲ್ಲ, ಒಂದು ಮಾತು ಹೇಳಲಿಕ್ಕೆ ಬಾರದೇ?" ಎಂದರು.

ಹೊರಗೆ ಬಂದ ಕೂಡಲೇ ಅಮ್ಮ ಅಡುಗೆಮನೆ ಎಲ್ಲಿ ಎಂದು ಹುಡುಕತೊಡಗಿದಳು. ನಾನು ಅಡ್ಡ ನಿಂತೆ.

"ನೀನು ಹೋಗಬೇಡ ಅಮ್ಮಾ. ನಾನೇ ಹೇಳ್ತೇನೆ."

"ನೀನು ಹೇಳ್ತೀಯಾ? ಅಂಗಡೀಲಿ ಪೆನ್ನು ಕೇಳೋಕೂ ನನ್ನ ಮೊಣಕೈ ತಿವಿಯೋಳು ನೀನು."

"ಹೇಳ್ತೇನೆ ಅಂದ್ನಲ್ಲ. ಎಲ್ಲರೂ ನೋಡ್ತಿದ್ದಾರೆ. ನೀನು ಹೊರಡು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಹೊರಟಳು. ನಾನು ಬಿಟ್ಟಿದ್ದರೆ ಅವಳು ಅಂದೇ ಅಡುಗೆಮನೆಗೆ ಹೋಗಿ, ತನ್ನ ಒಡಕು ಮಲಯಾಳದಲ್ಲಿ ಎಲ್ಲವನ್ನೂ ಹೇಳಿ, ಅಡುಗೆಯವಳ ಕೈ ಹಿಡಿದುಕೊಂಡು ಸರಿ ಮಾಡಿ ಬರುತ್ತಿದ್ದಳು. ಐದು ನಿಮಿಷದ ಕೆಲಸ. ಅವಳ ಮಲಯಾಳ ಕೇಳಿ ನಾಲ್ಕು ಜನ ನಗುತ್ತಾರೆ ಎಂದು ನಾನು ಬಿಡಲಿಲ್ಲ.

ನನಗೆ ಮಲಯಾಳ ಚೆನ್ನಾಗಿಯೇ ಬರುತ್ತಿತ್ತು. ಓದಿದ್ದೆಲ್ಲ ಅದರಲ್ಲೇ. ನನಗೆ ಬಾರದೆ ಇದ್ದದ್ದು ಬಾಯಿ ತೆರೆಯುವುದು. ಹತ್ತು ವರ್ಷ ಒಂದೇ ಶಾಲೆಯಲ್ಲಿ ಓದಿದೆ. ಪಕ್ಕದ ಮನೆಯ ಹುಡುಗಿ ನನ್ನ ಪರವಾಗಿ ಟೀಚರಿಗೆ ಹೇಳುತ್ತಿದ್ದಳು, ಬಸ್ಸಿನಲ್ಲಿ ಟಿಕೆಟ್ಟು ಕೇಳುತ್ತಿದ್ದಳು. ಅವಳು ಬೇರೆ ಊರಿಗೆ ನರ್ಸಿಂಗ್ ಓದಲು ಹೋದಳು. ಕಾಲೇಜಿನ ಮೊದಲ ದಿನ ಒಬ್ಬೊಬ್ಬರೇ ಎದ್ದು ತಮ್ಮ ಪರಿಚಯ ಹೇಳಬೇಕಿತ್ತು. ನನ್ನ ಸರದಿ ಬಂದಾಗ ಎದ್ದು ನಿಂತೆ. ಹೆಸರು ಹೇಳಿದೆ, ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಎಂದರು ಮೇಷ್ಟ್ರು. ಇನ್ನೊಮ್ಮೆ ಹೇಳಿದೆ. "ಸರಿ, ಬರೆದು ಕೊಡು" ಎಂದರು. ಕ್ಲಾಸು ನಕ್ಕಿತು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ಆದರೆ ನಾನು ಒಂದು ವಾರ ಮೊದಲ ಬೆಂಚಿನ ಕಡೆ ತಲೆ ಎತ್ತಲಿಲ್ಲ.

ಅಡುಗೆಮನೆಗೆ ಎರಡನೆಯ ದಿನವೇ ಹೋದೆ. ಅಡುಗೆಯವಳು ಪಯ್ಯಂಪಳ್ಳಿಯಿಂದ ಬರುವ ದಪ್ಪನೆಯ ಹೆಂಗಸು. ಎಲ್ಲರೂ ಅವಳನ್ನು ಚೇಚಿ ಎನ್ನುತ್ತಿದ್ದರು, ಎಂದರೆ ಅಕ್ಕ. ಕತ್ತಿನಲ್ಲಿ ಶಿಲುಬೆಯ ಸರ, ಭುಜದ ಮೇಲೆ ತೋರ್ತು ಎನ್ನುವ ತೆಳು ಟವೆಲು. ಒಲೆಯ ಆವಿಯ ನಡುವೆ ನಿಂತು ಅವಳು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಹೇಳಬೇಕಾದ ವಾಕ್ಯವನ್ನು ಮೆಟ್ಟಿಲು ಇಳಿಯುವಾಗಲೇ ಮೂರು ಸಲ ಹೇಳಿಕೊಂಡು ಬಂದಿದ್ದೆ. ಅವಳು ತಿರುಗಿ ನೋಡಿದಳು.

"ಎಂದಾ ಮೋಳೇ? ಏನು ಮಗಳೇ, ಬಿಸಿನೀರಾ?"

ಹೌದೆಂದು ತಲೆ ಆಡಿಸಿದೆ. ಕೈಯಲ್ಲಿ ಬಾಟಲಿಯೂ ಇರಲಿಲ್ಲ. ಅವಳೇ ಒಂದು ಲೋಟ ಬಿಸಿನೀರು ಕೊಟ್ಟಳು. ಕೋಣೆಗೆ ತಂದು ಮೇಜಿನ ಮೇಲಿಟ್ಟೆ, ಅದು ಆರಿತು.

ಮರುದಿನ ಬಾಟಲಿ ಹಿಡಿದುಕೊಂಡೇ ಹೋದೆ. ಮೊದಲು ನೀರು ಕೇಳಿ ಆಮೇಲೆ ಮಾತು ತೆಗೆಯೋಣ ಎಂದುಕೊಂಡೆ. ನೀರು ಸಿಕ್ಕಿತು, ಮಾತು ಹೊರಡಲಿಲ್ಲ. ಅದರ ಮರುದಿನವೂ ಅಷ್ಟೇ. ಒಂದು ವಾರದಲ್ಲಿ ನಾನು ಚೇಚಿಗೆ ಬಿಸಿನೀರಿನ ಹುಡುಗಿಯಾಗಿಬಿಟ್ಟೆ. ನಾನು ಬಾಗಿಲಲ್ಲಿ ಕಂಡ ಕೂಡಲೇ "ಬಂತು ನೋಡು ನಮ್ಮ ಗಂಟಲು ನೋವು" ಎಂದು ಬಾಟಲಿಗೆ ಕೈ ಚಾಚುತ್ತಿದ್ದಳು. ಅಷ್ಟಾದ ಮೇಲೆ ಬೇರೆ ಮಾತು ಹೇಳುವುದು ಇನ್ನೂ ಕಷ್ಟವಾಯಿತು.

ಹಾಸ್ಟೆಲಿನಲ್ಲಿ ರಾತ್ರಿಯ ಊಟ ಏಳೂವರೆಗೆ. ಮೊದಲ ಎರಡು ತಿಂಗಳು ನಾನು ಆಗಾಗ ಮನೆಯಿಂದ ತಂದ ಅವಲಕ್ಕಿ, ಬಾಳೆಹಣ್ಣು, ರಸ್ಕು ತಿಂದು ಸಂಜೆ ಕಳೆದೆ. ಊಟದ ಗಂಟೆ ಬಾರಿಸಿದಾಗ ಹಾಸಿಗೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ನನ್ನ ಕೋಣೆಯಲ್ಲಿದ್ದವಳು ನೂಲ್ಪುಳದ ಹುಡುಗಿ. ಎತ್ತರಕ್ಕಿದ್ದಳು, ಮಾತು ಜಾಸ್ತಿ. ಅವರ ಕಡೆ ಗಡಿ ಹತ್ತಿರ, ಹಾಗಾಗಿ ಅವಳಿಗೆ ಅಲ್ಪಸ್ವಲ್ಪ ಕನ್ನಡವೂ ಬರುತ್ತಿತ್ತು.

"ಎಡೀ, ನೀನು ಗಾಳಿ ಕುಡ್ಕೊಂಡು ಬದುಕ್ತೀಯಾ? ಬಾ ಊಟಕ್ಕೆ."

"ಹಸಿವಿಲ್ಲ."

"ಡಯೆಟ್ಟಾ? ಈ ಕಡ್ಡೀಲಿ ಇನ್ನೇನು ಇಳಿಸ್ತೀಯಾ?"

ಅವಳಿಗೂ ನಿಜ ಹೇಳಲಿಲ್ಲ. ಹೇಳಿದರೆ ಅವಳು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗುತ್ತಾಳೆ, ಎಲ್ಲರ ಎದುರು ಕೂಗಿ ಹೇಳುತ್ತಾಳೆ ಎಂಬ ಹೆದರಿಕೆ. ಅದೇ ಆಗಬೇಕಾಗಿದ್ದದ್ದು ಎಂದು ಈಗ ಅನಿಸುತ್ತದೆ.

ಅಮ್ಮನ ಫೋನು ದಿನಾ ಐದೂಕಾಲಕ್ಕೆ ಬರುತ್ತಿತ್ತು. ಐದಕ್ಕೆ ಸೂಜಿ, ಐದೂಕಾಲಕ್ಕೆ ಫೋನು, ಐದೂವರೆಗೆ ಊಟ. ಮನೆಯಲ್ಲಿ ನನ್ನ ಮೊದಲ ತುತ್ತಿಗೆ ಕಾಯುತ್ತಿದ್ದವಳು ಈಗ ನನ್ನ ಮಾತಿಗೆ ಕಾಯುತ್ತಿದ್ದಳು.

"ಉಂಡ್ಯಾ?"

ಮೊದಲ ದಿನ ಇಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಇಲ್ಲ ಎಂದರೆ ಅವಳು ಕೂರುವುದಿಲ್ಲ ಎಂದು ಗೊತ್ತಿತ್ತು.

"ಉಂಡೆ."

"ಏನು ಮಾಡಿದ್ರು?"

"ಅನ್ನ, ಹೆಸರುಕಾಳು, ಎಲೆಕೋಸಿನ ತೋರನ್."

"ಈರುಳ್ಳಿ?"

"ಇಲ್ಲಮ್ಮಾ. ಚೇಚಿ ಒಗ್ಗರಣೆಗೆ ಮುಂಚೇನೇ ನನಗೆ ಅಂತ ತೆಗೆದಿಡ್ತಾಳೆ."

ಅಮ್ಮನ ದನಿ ಅರಳಿದ್ದು ಫೋನಿನಲ್ಲೇ ಗೊತ್ತಾಯಿತು. "ನೋಡು, ಕೇಳೋಕೆ ಅಷ್ಟು ಹೆದರ್ತಿದ್ದೆ. ಒಳ್ಳೇ ಹೆಂಗಸು. ಅವಳ ಹೊಟ್ಟೆ ತಣ್ಣಗಿರಲಿ." ಹಿಂದೆ ತಟ್ಟೆ ಎಳೆದ ಸದ್ದು ಕೇಳಿಸಿತು. ನನ್ನ ಸುಳ್ಳಿನಿಂದ ಅವಳು ಉಂಡಳು. ಆ ದಿನ ಅದು ಒಳ್ಳೆಯದೆಂದೇ ಕಂಡಿತು.

ಆಮೇಲೆ ದಿನಾ ಒಂದು ಅಡುಗೆ ಕಟ್ಟಬೇಕಾಯಿತು. ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಂತಿಲ್ಲ. ಸೋಮವಾರ ಪಡವಲಕಾಯಿ, ಮಂಗಳವಾರ ಕಡಲೆ. ಒಂದು ದಿನ ಪಾಯಸವನ್ನೂ ಮಾಡಿಸಿಬಿಟ್ಟೆ. ಯಾಕೆ ಪಾಯಸ ಎಂದು ಕೇಳಿದಳು. ಚೇಚಿಯ ಮಗನ ಹುಟ್ಟುಹಬ್ಬ ಎಂದೆ. ಚೇಚಿಗೆ ಮಕ್ಕಳಿದ್ದಾರೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಅಮ್ಮ ಆ ಇಲ್ಲದ ಮಗನಿಗೂ ಒಳ್ಳೆಯದಾಗಲಿ ಎಂದಳು.

ಓಣಂ ರಜೆಗೆ ಮನೆಗೆ ಹೋದಾಗ ಅಮ್ಮ ಒಂದು ಬಟ್ಟೆಯ ಗಂಟು ಕೊಟ್ಟಳು. ಕರಿಮೆಣಸು. ಅಂಗಳದ ಹಲಸಿನ ಮರಕ್ಕೆ ಹಬ್ಬಿಸಿದ ಬಳ್ಳಿಯದು. ಜೊಳ್ಳು ಒಂದೂ ಇಲ್ಲದಂತೆ ಅವಳೇ ಕೂತು ಆರಿಸಿದ್ದಳು.

"ಆ ಚೇಚಿಗೆ ಕೊಡು. ದಿನಾ ನಿನಗೆ ಬೇರೆ ತೆಗೆದಿಡೋದು ಅಂದ್ರೆ ಸುಮ್ನೆ ಅಲ್ಲ. ಅಮ್ಮ ಕಳಿಸಿದ್ದು ಅಂತ ಹೇಳು."

ಹಾಸ್ಟೆಲಿಗೆ ಬಂದು ಗಂಟನ್ನು ಟ್ರಂಕಿನ ತಳದಲ್ಲಿ, ಸ್ವೆಟರಿನ ಅಡಿಗೆ ಇಟ್ಟೆ. ಬೀಗ ಹಾಕಿದೆ. ಕೊಟ್ಟರೆ ಚೇಚಿ ಯಾಕೆಂದು ಕೇಳುತ್ತಾಳೆ. ಕೋಣೆಯಲ್ಲೆಲ್ಲ ಮೆಣಸಿನ ಘಾಟು. ನೂಲ್ಪುಳದವಳು ಮೂಗು ಉಜ್ಜಿಕೊಂಡು "ನಿನ್ನ ಟ್ರಂಕಿನೊಳಗೆ ಯಾವ ಅಜ್ಜಿಯನ್ನು ಬಚ್ಚಿಟ್ಟಿದ್ದೀಯಾ?" ಎಂದಳು. ಆ ಸಂಜೆ ಅಮ್ಮ ಕೇಳಿದಳು.

"ಕೊಟ್ಟ್ಯಾ? ಏನಂದ್ಲು?"

"ಖುಷಿಯಾಯ್ತು. ಇಂಥ ಮೆಣಸು ನೋಡೇ ಇಲ್ಲ ಅಂದ್ಲು."

"ಅಷ್ಟೇನಾ?"

"ನಿನ್ನನ್ನು ಒಂದ್ಸಲ ನೋಡ್ಬೇಕು ಅಂದ್ಲು."

ಅಮ್ಮ ಅದನ್ನು ಅಪ್ಪನಿಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು.

ಓಣಂ ಆಗಿ ಸ್ವಲ್ಪ ದಿನಕ್ಕೆ ನಾನು ಮೆಸ್ಸಿಗೆ ಹೋದೆ. ಯಾರೂ ಒತ್ತಾಯಿಸಲಿಲ್ಲ. ಅವಲಕ್ಕಿ ಮುಗಿದಿತ್ತು, ತಲೆ ನೋಯುತ್ತಿತ್ತು. ಏಳೂವರೆಗೆ ಗಂಟೆ ಬಾರಿಸಿದಾಗ ಎದ್ದು ನೂಲ್ಪುಳದವಳ ಹಿಂದೆ ನಡೆದೆ. ಅವಳು ಏನೂ ಕೇಳದೆ ತನ್ನ ಪಕ್ಕ ಜಾಗ ಮಾಡಿಕೊಟ್ಟಳು. ಅಂದು ಚಪಾತಿ, ಆಲೂಗೆಡ್ಡೆ ಈರುಳ್ಳಿ ಹಾಕಿದ ಪಲ್ಯ. ರುಚಿಯಾಗಿತ್ತು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ರುಚಿಯಾಗಿತ್ತು. ಆ ಮೇಜಿನಲ್ಲಿ ಕೂತ ಹುಡುಗಿಯರು ದಿನದ ಸುದ್ದಿಯನ್ನೆಲ್ಲ ಅಲ್ಲೇ ಹೇಳುವುದು, ಮೇಷ್ಟ್ರುಗಳ ನಡಿಗೆಯನ್ನು ಅಲ್ಲೇ ನಟಿಸಿ ತೋರಿಸುವುದು. ಕಾಲೇಜು ನಿಜವಾಗಿ ನಡೆಯುತ್ತಿದ್ದದ್ದು ಆ ಮೇಜಿನಲ್ಲಿ ಎಂದು ನನಗೆ ಎರಡು ತಿಂಗಳ ಮೇಲೆ ಗೊತ್ತಾಯಿತು. ದಿನಾ ಹೋಗತೊಡಗಿದೆ. ಒಂದೆರಡು ಮಾತೂ ಆಡತೊಡಗಿದೆ. ಐದೂಕಾಲಕ್ಕೆ ಉಂಡೆ ಎಂದು ಹೇಳಿ, ಏಳೂವರೆಗೆ ಉಣ್ಣುತ್ತಿದ್ದೆ.

ನವೆಂಬರಿನಲ್ಲಿ ಹೊತ್ತು ಬೇಗ ಮುಳುಗುತ್ತದೆ. ನಮ್ಮ ಕಡೆ ಆರಕ್ಕೆಲ್ಲ ಮುಗಿಯಿತು. ಆಗ ಡಿಪಾರ್ಟ್‌ಮೆಂಟಿನ ಒಂದು ಕಾರ್ಯಕ್ರಮಕ್ಕೆ ಗುಂಪು ನೃತ್ಯ ಕಲಿಸುತ್ತಿದ್ದರು. ಹುಡುಗಿಯೊಬ್ಬಳಿಗೆ ಕಾಲು ಉಳುಕಿ ಒಂದು ಜಾಗ ಖಾಲಿಯಾಯಿತು. ನೂಲ್ಪುಳದವಳು ನನ್ನ ತೋಳು ಹಿಡಿದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದಳು. ಸೀನಿಯರ್ ಒಬ್ಬಳು ಎಲ್ಲರ ಫೋನುಗಳನ್ನು ಒಂದು ಚೀಲಕ್ಕೆ ಹಾಕಿಸಿ ಮೂಲೆಯಲ್ಲಿಟ್ಟಳು. ನಾನು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ ಪಕ್ಕದವಳಿಗೆ ಡಿಕ್ಕಿ ಹೊಡೆದೆ. "ಈ ಬಸ್ಸಿಗೆ ಬ್ರೇಕ್ ಇಲ್ಲ, ದಾರಿ ಬಿಡಿ!" ಎಂದು ನೂಲ್ಪುಳದವಳು ಕೂಗಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಲೇಜಿಗೆ ಸೇರಿದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಚೀಲದಿಂದ ಫೋನು ತೆಗೆದಾಗ ಆರೂ ನಲವತ್ತು. ಅಮ್ಮನ ಆರು ಕರೆಗಳಿದ್ದವು. ಮೊದಲನೆಯದು ಐದೂಕಾಲಕ್ಕೆ, ಕೊನೆಯದು ಆರೂ ಹತ್ತಕ್ಕೆ. ಹೊರಗೆ ಬಂದು ಕರೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಎಲ್ಲಿದ್ಯೇ?"

"ಇಲ್ಲೇ ಅಮ್ಮಾ. ಪ್ರಾಕ್ಟೀಸ್ ಇತ್ತು. ಫೋನು ಚೀಲದಲ್ಲಿತ್ತು."

"ಏನಾಯ್ತೋ ಅಂತ ಹೆದರಿಬಿಟ್ಟೆ. ಉಂಡ್ಯಾ?"

"ಉಂಡೆ."

"ಯಾವಾಗ?"

"ಆಗಲೇ. ಚೇಚಿ ಪ್ರಾಕ್ಟೀಸ್ ಮಾಡೋ ಜಾಗಕ್ಕೇ ತಂದು ಕೊಟ್ಲು."

"ಎಂಥ ಮನುಷ್ಯಳು ನೋಡು!" ಅವಳ ದನಿ ಸ್ವಲ್ಪ ದಣಿದಂತಿತ್ತು.

"ನೀನು ಉಂಡ್ಯಾ?" ಎಂದು ಕೇಳಿದೆ. ಇಷ್ಟು ದಿನದಲ್ಲಿ ಅದನ್ನು ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

"ಓ, ಆಯ್ತು ಆಯ್ತು. ಅವರೆಕಾಳಿನ ಸಾರು. ನೀನು ಹೋಗು, ಓದ್ಕೋ."

ಅಮ್ಮ ನನಗೆ ಸುಳ್ಳು ಹೇಳಿದ್ದು ಅದೊಂದೇ ಸಲ ಇರಬೇಕು. ನಾನು ನಂಬಿದೆ. ನಂಬುವುದು ಸುಲಭವಾಗಿತ್ತು, ಗಂಟೆ ಬಾರಿಸುವ ಹೊತ್ತು ಹತ್ತಿರವಾಗಿತ್ತು. ಆ ದಿನ ಪಲ್ಯವನ್ನು ಎರಡನೇ ಸಲ ಬಡಿಸಿಕೊಂಡು ಉಂಡೆ.

ಬೆಳಿಗ್ಗೆ ಮೊದಲ ಪೀರಿಯಡಿನಲ್ಲಿ ವಾರ್ಡನ್ ಕ್ಲಾಸಿನ ಬಾಗಿಲಿಗೆ ಬಂದರು. ಚಿಕ್ಕಪ್ಪ ಜೀಪಿನಲ್ಲಿ ಬಂದಿದ್ದ. ದಾರಿಯಲ್ಲಿ ಅವನು ಹೇಳಿದ್ದು ಇಷ್ಟು. ಅಪ್ಪ ಐದಕ್ಕೆ ಉಂಡು ಗದ್ದೆಯ ಕಾವಲಿಗೆ ಹೋಗಿದ್ದ. ಭತ್ತ ತೆನೆಗಟ್ಟಿದ ಕಾಲ, ಹಂದಿ ಬರುತ್ತದೆಂದು ಗದ್ದೆಯ ಗುಡಿಸಲಿನಲ್ಲೇ ಮಲಗುವುದು ವಾಡಿಕೆ. ಬೆಳಕು ಹರಿದ ಮೇಲೆ ಬಂದಾಗ ಹಸು ಕೂಗುತ್ತಿತ್ತು. ಅಮ್ಮ ಹಾಸಿಗೆಯಲ್ಲಿ ಹಾಗೆಯೇ ಇದ್ದಳು. ಡಾಕ್ಟರು ಬಂದು ನೋಡಿ, ಸಕ್ಕರೆ ಇಳಿದಿರಬಹುದು, ಹೃದಯವೂ ಇರಬಹುದು, ಈಗ ಹೇಳಲಾಗುವುದಿಲ್ಲ ಎಂದರಂತೆ.

ನಡುಮನೆಯಲ್ಲಿ ಅವಳನ್ನು ಮಲಗಿಸಿದ್ದರು. ಸ್ವಲ್ಪ ಹೊತ್ತು ಕೂತು, ನೀರು ಕುಡಿಯಲೆಂದು ನಾನು ಅಡುಗೆಮನೆಗೆ ಹೋದೆ. ಅನ್ನ ಬಸಿದ ಮೇಲೆ ಸೌಟಿನ ಬೆನ್ನಿನಿಂದ ತಟ್ಟಿ ಮೇಲ್ಭಾಗವನ್ನು ಸಮ ಮಾಡಿಡುವುದು ಅಮ್ಮನ ಅಭ್ಯಾಸ. ಪಾತ್ರೆಯ ಮುಚ್ಚಳ ತೆಗೆದೆ. ಒಂದು ಬದಿಯಲ್ಲಿ ಅಪ್ಪನಿಗೆ ಬಡಿಸಿದಷ್ಟು ಜಾಗ ಖಾಲಿಯಿತ್ತು. ಉಳಿದದ್ದು ಸೌಟಿನ ಗುರುತಿನೊಂದಿಗೆ ಸಮನಾಗಿಯೇ ಇತ್ತು. ಅವರೆಕಾಳಿನ ಸಾರು ಕೆನೆಗಟ್ಟಿತ್ತು. ಅವಳ ತಟ್ಟೆ ತೊಳೆದು ಬೋರಲು ಹಾಕಿದ್ದು ಒಣಗಿತ್ತು. ಹಾಸಿಗೆಯ ಹತ್ತಿರ ಹೋಗಿ ಕಲ್ಲುಸಕ್ಕರೆಯ ಡಬ್ಬಿ ನೋಡಿದೆ. ಕುತ್ತಿಗೆಯವರೆಗೆ ತುಂಬಿತ್ತು. ಹೊತ್ತು ಮುಳುಗಿದ ಮೇಲೆ ಅವಳು ಅದನ್ನು ಔಷಧವೆಂದು ಎಣಿಸಲಿಲ್ಲ.

ಅನ್ನದ ಪಾತ್ರೆಯನ್ನು ನನ್ನ ಹಿಂದೆಯೇ ನೋಡಿದವಳು ದೊಡ್ಡತ್ತೆ, ಅಪ್ಪನ ಅಕ್ಕ. ಅವಳು ನಡುಮನೆಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಉಪವಾಸದಲ್ಲೇ ಹೋಗಿದ್ದಾಳೆ ಪುಣ್ಯಾತ್ಗಿತ್ತಿ! ಒಂದು ಅಗುಳು ಮುಟ್ಟಿಲ್ಲ. ಬಂದು ನೋಡಿ ಬೇಕಾದ್ರೆ."

ಹೆಂಗಸರು ಒಬ್ಬೊಬ್ಬರೇ ಬಂದು ಪಾತ್ರೆಯನ್ನು ನೋಡಿ ಹೋದರು. ಕೆಲವರು ಕೈ ಮುಗಿದರು. ನಿನ್ನೆ ಉಪವಾಸದ ಚತುರ್ದಶಿಯೇ ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ಗೋಡೆಯ ಪಂಚಾಂಗ ನೋಡಿ ತ್ರಯೋದಶಿ ಎಂದಳು. "ಸಂಜೆ ಹೊತ್ತಿಗೆ ಚತುರ್ದಶಿ ಹತ್ತಿತ್ತು ಕಣೇ, ಅವಳಿಗೆ ಅದೆಲ್ಲ ಬಾಯಿಪಾಠ" ಎಂದು ದೊಡ್ಡತ್ತೆ ತೀರ್ಮಾನ ಕೊಟ್ಟಳು. ಸೂಜಿ ಶುರುವಾದ ಮೇಲೆ ಅಮ್ಮ ಉಪವಾಸ ಮಾಡುವುದನ್ನು ಬಿಟ್ಟಿದ್ದಳು, ಡಾಕ್ಟರು ಕೂಡದೆಂದಿದ್ದರು. "ಮೂರು ಹೊತ್ತು ಉಂಡು ಎಂಥ ಧರ್ಮ ಮಾಡ್ತಾಳೋ" ಎಂದು ಪ್ರತಿ ಪರ್ವಕ್ಕೂ ಇದೇ ದೊಡ್ಡತ್ತೆ ಚುಚ್ಚುತ್ತಿದ್ದಳು. ಈಗ ಅವಳೇ ನನ್ನ ತಲೆ ನೇವರಿಸಿದಳು.

"ಅಳಬೇಡ ಮಗಳೇ. ಇಂಥ ಸಾವು ಯಾರಿಗೆ ಸಿಗ್ತದೆ?"

ಅವಳು ವ್ರತ ಮಾಡಲಿಲ್ಲ, ನನ್ನ ಫೋನಿಗೆ ಕಾದಳು ಎಂದು ನಾನು ಹೇಳಬೇಕಿತ್ತು. ಮನೆ ತುಂಬ ಜನ. ನಾನು ಬಾಯಿ ತೆರೆಯಲಿಲ್ಲ. ನಾಚಿಕೆಯ ಹುಡುಗಿ, ಪಾಪ, ದುಃಖದಲ್ಲಿ ಮಾತೇ ಹೊರಡುತ್ತಿಲ್ಲ ಎಂದರು. ಇಂದಿಗೂ ನಮ್ಮ ಬಳಗದ ಮನೆಗಳಲ್ಲಿ ಅಮ್ಮನ ಉಪವಾಸದ ಕಥೆ ಹೇಳುತ್ತಾರೆ. ಚಿಕ್ಕ ಹುಡುಗಿಯರಿಗೆ ಮಾದರಿಯಾಗಿ ಹೇಳುತ್ತಾರೆ. ನಾನು ಕೂತು ಕೇಳುತ್ತೇನೆ.

ಒಂದು ತಿಂಗಳ ಮೇಲೆ ಟ್ರಂಕು ತರಲು ಹಾಸ್ಟೆಲಿಗೆ ಹೋದೆ. ಓದು ಮುಂದುವರಿಸು ಎಂದು ಎಲ್ಲರೂ ಹೇಳಿದರು. ನನಗೆ ಆ ಮೇಜಿನಲ್ಲಿ ಮತ್ತೆ ಕೂರುವುದು ಆಗುತ್ತಿರಲಿಲ್ಲ. ನೂಲ್ಪುಳದವಳು ಕ್ಲಾಸಿನಲ್ಲಿದ್ದಳು, ಅವಳು ಬರುವ ಮುಂಚೆ ಹೊರಡಬೇಕೆಂದು ಬೇಗ ಬೇಗ ತುಂಬಿಕೊಂಡೆ. ತಳದಲ್ಲಿ ಮೆಣಸಿನ ಗಂಟು ಸಿಕ್ಕಿತು.

ಅಡುಗೆಮನೆಯಲ್ಲಿ ಚೇಚಿ ಒಬ್ಬಳೇ ಇದ್ದಳು. ಸಂಜೆ ನಾಲ್ಕಕ್ಕೆ ಐದು ನಿಮಿಷ ಬಾಕಿ. ನನ್ನನ್ನು ಕಂಡು ಎದ್ದು ಬಂದಳು. ವಿಷಯ ಅವಳಿಗೂ ತಿಳಿದಿತ್ತು. ನಾನು ಗಂಟನ್ನು ಕೈಗಿಟ್ಟೆ.

"ಅಮ್ಮ ಕಳಿಸಿದ್ದು. ಓಣಂಗೇ ಕಳಿಸಿದ್ದು."

"ನನಗಾ? ಅಮ್ಮನಿಗೆ ನಾನು ಹೇಗೆ ಗೊತ್ತು ಮೋಳೇ?"

ಆಗ ಹೇಳಿದೆ. ಆರು ತಿಂಗಳು ಹೊರಡದ ಮಾತು, ಇನ್ನು ಯಾವ ಪ್ರಯೋಜನಕ್ಕೂ ಇಲ್ಲ ಎಂದಾದ ಮೇಲೆ ಸರಾಗವಾಗಿ ಹೊರಟಿತು. ಹೊತ್ತು ಮುಳುಗುವ ಮುಂಚೆ ಉಣ್ಣಬೇಕಿತ್ತು, ಈರುಳ್ಳಿ ಹಾಕುವ ಮುಂಚೆ ಸ್ವಲ್ಪ ತೆಗೆದಿಡಿ ಎಂದು ಕೇಳಲು ಬರುತ್ತಿದ್ದೆ, ನೀವು ತೆಗೆದಿಡುತ್ತೀರಿ ಎಂದು ಅಮ್ಮನಿಗೆ ಹೇಳಿದ್ದೆ. ಅಮ್ಮ ಯಾಕೆ ಉಣ್ಣದೆ ಮಲಗಿದಳು ಎಂಬುದನ್ನೂ ಹೇಳಿದೆ.

ಚೇಚಿ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಳು. ಆಮೇಲೆ ತಿರುಗಿ ಹಿಂದಿನ ಕಟ್ಟೆಯ ಮೇಲಿದ್ದ ದೊಡ್ಡ ಪಾತ್ರೆಯ ಮುಚ್ಚಳ ತೆಗೆದಳು. ಆವಿ ಎದ್ದಿತು. ಅನ್ನ.

"ನಾಲ್ಕಕ್ಕೆಲ್ಲ ಅನ್ನ ಬಸಿದು ಇಡ್ತೇನೆ. ಬೇಳೆಯೂ ಬೆಂದಿರ್ತದೆ. ಒಗ್ಗರಣೆ ಮಾತ್ರ ಏಳು ಗಂಟೆಗೆ. ದಿನಾ ಬಿಸಿನೀರಿಗೆ ಬಂದು ಇಲ್ಲೇ ನಿಲ್ತಿದ್ದೆಯಲ್ಲಾ, ಇದು ನನ್ನ ಬೆನ್ನ ಹಿಂದೆಯೇ ಇತ್ತು." ಅವಳ ದನಿ ಸಿಟ್ಟಿನಿಂದ ಏರಿತು. "ಒಂದು ತಟ್ಟೆ ಬಡಿಸಿ ಕೊಡೋಕೆ ನನಗೆ ಎಷ್ಟು ಹೊತ್ತು ಬೇಕಿತ್ತು? ಯಾಕೆ ಹೇಳಲಿಲ್ಲ? ನಾನೇನು ಕಚ್ಚುತ್ತಿದ್ದೆನಾ?"

ಅವಳು ತೋರ್ತಿನಿಂದ ಕಣ್ಣೊರೆಸಿಕೊಂಡು, ಕೂತು ಉಂಡು ಹೋಗು ಎಂದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದೆ. ಅದೂ ಸುಳ್ಳು.

ಈಗ ನಾನು ಮೀನಂಗಡಿ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಮಾತು. ಬನ್ನಿ ಚೇಚೀ, ಯಾವ ಬಣ್ಣ ಬೇಕು, ಇದು ಒಗೆದರೆ ಹೋಗುವುದಿಲ್ಲ. ಸೇರಿದ ದಿನವೇ ಯಜಮಾನರ ಮುಂದೆ ನಿಂತು ಹೇಳಿದೆ, ನನಗೆ ಸಂಜೆ ಐದೂವರೆಗೆ ಹದಿನೈದು ನಿಮಿಷ ಬೇಕು, ಉಣ್ಣಬೇಕು, ಕತ್ತಲಾದ ಮೇಲೆ ನಾನು ಉಣ್ಣುವುದಿಲ್ಲ. ಅವರು ಬಿಲ್ಲಿನಿಂದ ತಲೆಯನ್ನೂ ಎತ್ತಲಿಲ್ಲ. "ಅದಕ್ಕೇನು, ಹೋಗಿ ಉಣ್ಣು" ಎಂದರು. ಅಷ್ಟೇ ಆಗಿತ್ತು ಅದು.

ಅಪ್ಪ ಒಂದು ಸಲ, ಇಬ್ಬರೂ ಉಣ್ಣುತ್ತಿದ್ದಾಗ, "ಅವಳು ಅವತ್ತು ಯಾಕೆ ಉಣ್ಣಲಿಲ್ಲವೋ" ಎಂದ. ನನ್ನನ್ನು ಕೇಳಿದ್ದಲ್ಲ, ತಟ್ಟೆ ನೋಡಿಕೊಂಡು ಹೇಳಿದ್ದು. ನಾನು ಅವನಿಗೆ ಮಜ್ಜಿಗೆ ಬಡಿಸಿದೆ. ಅಪ್ಪನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಅವನು ಓದಿದ್ದು ಇಲ್ಲಿಯ ಶಾಲೆಯಲ್ಲಿ. ನನಗೆ ಕನ್ನಡದ ಅಕ್ಷರ ಕಲಿಸಿದ್ದು ಅಮ್ಮ, ಆ ಗೋಡೆಯ ಪಂಚಾಂಗದ ಮೇಲೆ ಬೆರಳಿಟ್ಟು. ಇದನ್ನು ಈ ಅಕ್ಷರದಲ್ಲಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸೀರೆಯ ಪೆಟ್ಟಿಗೆಗಳ ನಡುವೆ ಕೂತು ದಿನಾ ಐದೂವರೆಗೆ ಡಬ್ಬಿ ಬಿಚ್ಚುತ್ತೇನೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಕಿಟಕಿಯ ಹತ್ತಿರ ಅಂಗೈ ಹಿಡಿದರೆ ಗೆರೆ ಕಾಣುತ್ತದೆ. ಈಗ ಉಂಡೆ ಎಂದರೆ ಅದು ನಿಜ.

ಐದೂಕಾಲಕ್ಕೆ ಫೋನು ಬರುವುದಿಲ್ಲ.